ಮೌನದ ಸಿಡಿ ಹಾಕಿ, ಹಾಡು ಕೇಳಿ

ಕಾರಿನ ಸ್ಟೀರಿಯೋ ಮೇಲೆ ‘ಆಕ್ಸ್’ ಅಂತ ಒಂದು ಬಟನ್ ಇರುತ್ತದೆ, ಹೊರಗಿನ ಮ್ಯೂಸಿಕ್ ಪ್ಲೇಯರನ್ನು ಕೇಬಲ್ಲಿನಿಂದ ಜೋಡಿಸಿ ಹಾಡು ಕೇಳಲು. ಒತ್ತಿದರೆ ಪರದೆಯ ಮೇಲೂ ‘ಆಕ್ಸ್’ ಅಂತಲೇ ಮೂಡುತ್ತದೆ. ಎಲ್ಲ ಸರಿ, ಪಿನ್ ಚುಚ್ಚುವ ತೂತು ಎಲ್ಲಿ? ಗ್ಲೋವ್ ಬಾಕ್ಸ್ ಒಳಗೆ ಕೈಯಾಡಿಸಿ, ಆರ್ಮ್‌ರೆಸ್ಟ್ ಎತ್ತಿ, ಬೂದಿಡಬ್ಬಿ ಕಿತ್ತು, ಹ್ಯಾಂಡ್‌ಬ್ರೇಕ್ ಪಕ್ಕ ಟಾರ್ಚ್ ಬಿಟ್ಟು ನೋಡಿದರೂ ಸಿಗುವುದಿಲ್ಲ. ಯಾಕೆಂದರೆ ಅದು ಇಲ್ಲ. ಅಗ್ಗದ ಮಾಡೆಲ್ಲಿಗೂ ದುಬಾರಿ ಮಾಡೆಲ್ಲಿಗೂ ಒಂದೇ ಮುಖಫಲಕ ಹಾಕಿರುತ್ತಾರೆ. ಬಟನ್ ಎಲ್ಲರಿಗೂ, ತೂತು ಮಾತ್ರ ಕಾಸು ಜಾಸ್ತಿ ಕೊಟ್ಟವರಿಗೆ. ಬಟನ್ನೇ ಇರದಿದ್ದರೆ ಯಾರೂ ಹುಡುಕುತ್ತಿರಲಿಲ್ಲ. ಇಟ್ಟು ಹೊಟ್ಟೆ ಉರಿಸುತ್ತಾರಲ್ಲ, ಅದಕ್ಕೆ ಸಿಟ್ಟು.

ಕಂಪನಿಯಿಂದಲೇ ಕೂತು ಬಂದ ಸ್ಟೀರಿಯೋ ಬಹಳ ಸಂಪ್ರದಾಯಸ್ಥ. ತಾನು ತಯಾರಾದ ವರ್ಷ ಯಾರು ಯಾರು ಪರಿಚಯವಿದ್ದರೋ ಅವರನ್ನು ಬಿಟ್ಟು ಬೇರೆಯವರನ್ನು ಮಾತಾಡಿಸುವುದಿಲ್ಲ. ರೇಡಿಯೋ ಗೊತ್ತು, ಕ್ಯಾಸೆಟ್ ಗೊತ್ತು, ಸಿಡಿ ಗೊತ್ತು. ಜೇಬಲ್ಲಿರುವ ಮ್ಯೂಸಿಕ್ ಪ್ಲೇಯರ್ ಯಾರೋ ಏನೋ. ಹಾಗಾಗಿ ಅದು ಈ ಮೂವರಲ್ಲಿ ಒಬ್ಬರ ವೇಷ ಕಟ್ಟಿಕೊಂಡೇ ಒಳಗೆ ಹೋಗಬೇಕು.

ಪುಣ್ಯವಿದ್ದು ಆಕ್ಸ್ ತೂತು ಇದ್ದವರಿಗೆ ವೇಷದ ಗೊಡವೆಯಿಲ್ಲ. ಎರಡೂ ತುದಿಗೆ 3.5 ಮಿಲಿಮೀಟರ್ ಪಿನ್ ಇರುವ ಅರ್ಧ ಅಥವಾ ಒಂದು ಮೀಟರ್ ಕೇಬಲ್ ಸಾಕು. ಇನ್ನೂ ಉದ್ದದ್ದು ತಂದರೆ ಗೇರ್ ಹಾಕುವಾಗ ಕೈಗೆ ಸುತ್ತಿಕೊಳ್ಳುತ್ತದೆ. ಕೊಳ್ಳುವ ಮೊದಲು ಪಿನ್ ಮೇಲಿನ ಕಪ್ಪು ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಅದು ಬರೀ ಸ್ಟೀರಿಯೋ ಪಿನ್, ನಮಗೆ ಬೇಕಾದದ್ದು. ಮೂರು ಗೆರೆ ಇದ್ದರೆ ಮೈಕ್ ಸಹಿತದ್ದು. ಕೆಲವು ತೂತುಗಳಲ್ಲಿ ಅದರ ಗ್ರೌಂಡ್, ಅಂದರೆ ಎಡ ಬಲ ಎರಡಕ್ಕೂ ಸೇರಿದ ವಾಪಸು ದಾರಿ, ಸರಿಯಾದ ಜಾಗಕ್ಕೆ ತಾಗುವುದಿಲ್ಲ. ಆಗ ಆಗುವ ತಮಾಷೆಯೇ ಬೇರೆ. ತಬಲಾ, ಪಿಟೀಲು, ಕೋರಸ್ ಎಲ್ಲ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತವೆ, ಹಾಡುವವರೇ ನಾಪತ್ತೆ. ಗ್ರೌಂಡ್ ಇಲ್ಲದಿದ್ದರೆ ಸ್ಪೀಕರಿಗೆ ತಲುಪುವುದು ಎಡ ಬಲ ಚಾನೆಲ್‌ಗಳ ವ್ಯತ್ಯಾಸ ಮಾತ್ರ. ಗಾಯಕರ ದನಿ ಸಾಮಾನ್ಯವಾಗಿ ಎರಡರಲ್ಲೂ ಸಮಸಮ ಇರುವುದರಿಂದ ಒಂದರಿಂದ ಒಂದು ಕಳೆದು ಸೊನ್ನೆಯಾಗುತ್ತದೆ. ಪಿನ್ ಪೂರ್ತಿ ಒಳಗೆ ಕೂರದಿದ್ದರೂ ಇದೇ ಕತೆ. ಪ್ಲೇಯರಿಗೆ ದಪ್ಪ ಕವರ್ ಹಾಕಿದ್ದರೆ ಮೊದಲು ಅದನ್ನು ಬಿಚ್ಚಿ, ಆಮೇಲೆ ಸ್ಪೀಕರಿಗೆ ಬೈಯಿರಿ.

ಇನ್ನು ವಾಲ್ಯೂಮ್. ಪ್ಲೇಯರನ್ನು ಸುಮಾರು ಎಂಬತ್ತು ಪರ್ಸೆಂಟಿನಲ್ಲಿ ಬಿಟ್ಟು, ಉಳಿದದ್ದನ್ನು ಸ್ಟೀರಿಯೋ ಗುಂಡಿಯಲ್ಲಿ ಸರಿಮಾಡಿ. ಪ್ಲೇಯರ್ ಪೂರ್ತಿ ಏರಿಸಿದರೆ ದನಿ ಒಡೆಯುತ್ತದೆ. ತೀರಾ ಇಳಿಸಿದರೆ ಸ್ಟೀರಿಯೋ ಏರಿಸಬೇಕಾಗುತ್ತದೆ, ಜೊತೆಗೆ ‘ಸ್ಸ್ಸ್’ ಕೂಡ ಏರುತ್ತದೆ. ಹಾಗೆ ಏರಿಸಿದ್ದನ್ನು ಮರೆತು ರೇಡಿಯೋಗೆ ಬದಲಾಯಿಸಿದಿರೋ, ಜಾಹೀರಾತು ಓದುವವನು ಹಿಂದಿನ ಸೀಟಿನಲ್ಲಿ ಮಲಗಿದ್ದ ಮಗುವನ್ನು ಎಬ್ಬಿಸಿಯೇ ಮುಂದಿನ ಮಾತಾಡುತ್ತಾನೆ.

ಎಲ್ಲ ಸರಿಹೋಯಿತು ಅನ್ನುವಾಗ ಪ್ಲೇಯರಿನ ಚಾರ್ಜು ಮುಗಿಯುತ್ತದೆ. ಸಿಗರೇಟ್ ಲೈಟರ್ ತೂತಿಗೆ ಚಾರ್ಜರ್ ಚುಚ್ಚಿದ ಕೂಡಲೇ ಹಾಡಿನ ಹಿಂದೆ ‘ಕುಂಯ್ಯ್’ ಅಂತ ಇನ್ನೊಬ್ಬರು ಸೇರಿಕೊಳ್ಳುತ್ತಾರೆ. ಆಕ್ಸಿಲರೇಟರ್ ಒತ್ತಿದರೆ ಸ್ವರ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಪ್ಲೇಯರಿಗೆ ಈಗ ಗ್ರೌಂಡ್ ಎರಡು ದಾರಿಯಲ್ಲಿ ಸಿಕ್ಕಿದೆ: ಚಾರ್ಜರ್ ಮೂಲಕ ಒಂದು, ಆಡಿಯೋ ಕೇಬಲ್ ಮೂಲಕ ಒಂದು. ಈ ಎರಡರ ನಡುವಿನ ಕುಣಿಕೆಯಲ್ಲಿ ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ, ಕಾರಿಗೆ ಕರೆಂಟು ಕೊಡುವ ಯಂತ್ರ) ಏರಿಳಿತ ಹರಿದು ಹಾಡಿಗೆ ಬೆರೆಯುತ್ತದೆ. ಚಾರ್ಜರ್ ಕಿತ್ತಾಗ ನಿಂತರೆ ರೋಗ ಇದೇ. ಎಂಜಿನ್ ವೇಗಕ್ಕೆ ಸಂಬಂಧವಿಲ್ಲದೆ ಒಂದೇ ಸಮ ಕಿಂಯ್‌ಗುಟ್ಟುತ್ತಿದ್ದರೆ ಚಾರ್ಜರೇ ಕಳಪೆ, ಬದಲಾಯಿಸಿ. ಮೊದಲನೆಯದಕ್ಕೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಅಂತ ಬೆರಳುದ್ದದ ಡಬ್ಬಿ ಬರುತ್ತದೆ. ಒಳಗಿರುವುದು ಪುಟ್ಟ ಎರಡು ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಪ್ಲೇಯರಿಗೂ ಆಕ್ಸಿಗೂ ನಡುವೆ ಸೇರಿಸಿದರೆ ಕುಂಯ್ ಬಂದ್. ಅಗ್ಗದ ಡಬ್ಬಿಯಾದರೆ ಬೇಸ್ ಕೂಡ ಅರ್ಧ ಬಂದ್, ಯಾಕೆಂದರೆ ಅಷ್ಟು ಸಣ್ಣ ಟ್ರಾನ್ಸ್‌ಫಾರ್ಮರ್ ದಪ್ಪ ಸ್ವರಗಳನ್ನು ತಡೆದುಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ, ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡುವುದು ಎಲ್ಲಕ್ಕಿಂತ ಒಳ್ಳೆಯ ಐಸೊಲೇಟರ್.

ತೂತು ಇಲ್ಲದವರ ಪಾಡಿಗೆ ಬರೋಣ.

ಮೊದಲ ವೇಷ ಕ್ಯಾಸೆಟ್ ಅಡಾಪ್ಟರ್. ನೋಡಲು ಕ್ಯಾಸೆಟ್, ಒಳಗೆ ಟೇಪ್ ಇಲ್ಲ. ಟೇಪ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ ಕೂತು, ಟೇಪ್ ಓದುವ ಸ್ಟೀರಿಯೋದ ಹೆಡ್ಡಿಗೆ ಮುಖ ಕೊಟ್ಟು, ಕಾಂತಕ್ಷೇತ್ರದಲ್ಲೇ ಹಾಡನ್ನು ದಾಟಿಸುತ್ತದೆ. ಇಷ್ಟು ಸರಳ ಉಪಾಯ ಇಷ್ಟು ಚೆನ್ನಾಗಿ ನಡೆಯುತ್ತದೆಂಬುದು ಈಗಲೂ ಆಶ್ಚರ್ಯವೇ. ನಡೆಯದಿದ್ದಾಗ ಆಟೋ ರಿವರ್ಸ್ ಡೆಕ್ (ಒಂದು ಬದಿ ಮುಗಿದರೆ ತಾನೇ ಇನ್ನೊಂದು ಬದಿ ನುಡಿಸುವಂಥದ್ದು) ‘ಟಕ್’ ಅಂತ ಮಗುಚುತ್ತದೆ, ಮತ್ತೆ ‘ಟಕ್’, ಮತ್ತೆ ‘ಟಕ್’, ಕೊನೆಗೆ ಹೊರಕ್ಕೆ ಉಗಿಯುತ್ತದೆ. ರೀಲು ತಿರುಗುತ್ತಿಲ್ಲ, ಹಾಗಾದರೆ ಟೇಪ್ ಮುಗಿದಿದೆ ಎಂದು ಅದರ ಲೆಕ್ಕಾಚಾರ. ಅದಕ್ಕೇ ಅಡಾಪ್ಟರಿನೊಳಗೆ ರೀಲು ತಿರುಗಿಸಲು ಹಲ್ಲುಚಕ್ರಗಳಿವೆ. ಕರಕರ ಅನ್ನುವುದೂ ಅವೇ. ಕರಕರ ತಾಳಲಾರದೆ ಚಕ್ರ ತೆಗೆದರೆ ಕೆಲವು ಡೆಕ್ ಸುಮ್ಮನಿರುತ್ತವೆ, ಕೆಲವು ಮತ್ತೆ ಟಕ್‌ಗುಟ್ಟುತ್ತವೆ. ಟೇಪಿನ ‘ಸ್ಸ್ಸ್’ ಕಡಿಮೆ ಮಾಡುವ ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ. ಡಾಲ್ಬಿಯಲ್ಲಿ ರೆಕಾರ್ಡೇ ಆಗದ ಹಾಡಿಗೆ ಆ ಸಂಸ್ಕಾರ ಮಾಡಿದರೆ ಮೇಲಿನ ಸ್ವರಗಳು ಮಂಕಾಗುತ್ತವೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಎಷ್ಟು ಕಂದು ಬಣ್ಣ ಬರುತ್ತದೆಂದು ನೋಡಿ. ಆಮೇಲೆ ಅಡಾಪ್ಟರ್ ಮಾಡಿದವರನ್ನು ಬೈಯಬೇಕೋ ಬೇಡವೋ ತೀರ್ಮಾನಿಸಿ.

ಎರಡನೆಯದು ಎಫ್‌ಎಂ ಟ್ರಾನ್ಸ್‌ಮಿಟರ್. ಪ್ಲೇಯರ್ ಈಗ ರೇಡಿಯೋ ಸ್ಟೇಷನ್ ವೇಷದಲ್ಲಿದೆ, ವ್ಯಾಪ್ತಿ ಕೆಲವು ಮೀಟರ್. ಬಹುತೇಕ ದೇಶಗಳ ಎಫ್‌ಎಂ 87.5ರಿಂದ 108 ಮೆಗಾಹರ್ಟ್ಸ್. ಅದರಲ್ಲಿ ಆಚೀಚೆಯೂ ಖಾಲಿ ಇರುವ ಜಾಗ ಹುಡುಕಬೇಕು. ಜಪಾನಿಗೆಂದೇ ಮಾಡಿದ ಹಳೆಯ ಕಾರುಗಳ ರೇಡಿಯೋ 76ರಿಂದ 90ರವರೆಗೆ ಮಾತ್ರ ಕೇಳಿಸಿಕೊಳ್ಳುವುದರಿಂದ ಅಲ್ಲಿ ಆಯ್ಕೆಯೂ ಕಡಿಮೆ. ಊರಲ್ಲಿ ಖಾಲಿ ಇದ್ದ ಜಾಗಕ್ಕೆ ಮೂವತ್ತು ಕಿಲೋಮೀಟರ್ ಆಚೆ ಯಜಮಾನರಿರುತ್ತಾರೆ. ಚರಣದ ನಡುವೆ ಅವರ ಕೃಷಿ ಮಾಹಿತಿ ತೂರಿಕೊಂಡು ಬರುತ್ತದೆ, ಒಂದು ಸಾಲು ವಿರಹ, ಒಂದು ಸಾಲು ಗೊಬ್ಬರ. ಆಂಟೆನಾ ಛಾವಣಿಯ ಹಿಂತುದಿಯಲ್ಲಿದ್ದು ಟ್ರಾನ್ಸ್‌ಮಿಟರ್ ಮುಂದೆ ಇದ್ದರಂತೂ ನಡುವೆ ತಗಡೇ ಅಡ್ಡ. ಎಫ್‌ಎಂ ಸ್ಟೀರಿಯೋ ಪ್ರಸಾರದಲ್ಲಿ 15 ಕಿಲೋಹರ್ಟ್ಸ್ ಮೇಲಿನ ತೀರಾ ಸಣ್ಣ ಸ್ವರಗಳು ಹೇಗೂ ದಾಟುವುದಿಲ್ಲ. ವೇಷಗಳಲ್ಲೆಲ್ಲ ಅಗ್ಗ, ವೇಷಗಳಲ್ಲೆಲ್ಲ ಕಳಪೆ.

ಮೂರನೆಯದು ದೊಡ್ಡ ವೇಷ. ಅನೇಕ ಹಳೆಯ ಸ್ಟೀರಿಯೋಗಳ ಬೆನ್ನಲ್ಲಿ ಸಿಡಿ ಚೇಂಜರಿಗೆಂದು ಒಂದು ಕನೆಕ್ಟರ್ ಇರುತ್ತದೆ. ಚೇಂಜರ್ ಎಂದರೆ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಕೂರುವ ಆರು ಸಿಡಿಗಳ ಪೆಟ್ಟಿಗೆ. ಆ ಕನೆಕ್ಟರಿಗೆ ಒಂದು ಅಡಾಪ್ಟರ್ ಡಬ್ಬಿ ಸಿಕ್ಕಿಸಿದರೆ ಅದು ‘ನಾನೇ ಚೇಂಜರ್, ನನ್ನಲ್ಲಿ ಆರು ಸಿಡಿ ಇವೆ’ ಎಂದು ಸ್ಟೀರಿಯೋ ಭಾಷೆಯಲ್ಲೇ ಸುಳ್ಳು ಹೇಳುತ್ತದೆ. ಸ್ಟೀರಿಯೋ ನಂಬಿ ಬಾಗಿಲು ತೆರೆಯುತ್ತದೆ. ಆದರೆ ಡಬ್ಬಿ ಆ ಸ್ಟೀರಿಯೋಗೇ ಹೊಂದುವುದಾಗಿರಬೇಕು. ಪಿನ್ ಕೂತಿತೆಂದರೆ ಭಾಷೆಯೂ ಕೂತಿತೆಂದಲ್ಲ.

ಬೆನ್ನು ನೋಡಲು ಸ್ಟೀರಿಯೋ ಬಿಚ್ಚಬೇಕು. ಅದಕ್ಕೂ ಮೊದಲು ರೇಡಿಯೋ ಕೋಡ್ ಬರೆದಿಟ್ಟ ಕಾಗದ ಹುಡುಕಿ. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದ ಮೇಲೆ ಅನೇಕ ಸ್ಟೀರಿಯೋಗಳು ಕೋಡ್ ಕೇಳುತ್ತವೆ, ತಪ್ಪು ಹೇಳಿದರೆ ಕಾಯಿಸುತ್ತವೆ. ಕಾಗದ ಸಿಕ್ಕಿತೇ? ಈಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಮೀಟುಗೋಲಿನಿಂದ ಸುತ್ತಲಿನ ಪಟ್ಟಿ ಎಬ್ಬಿಸಿ. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಗೀರು ಬಿದ್ದು, ಕಾರು ಮಾರುವವರೆಗೂ ಕಣ್ಣಿಗೆ ಚುಚ್ಚುತ್ತದೆ. ಒಳಗಿನ ಕ್ಲಿಪ್ಪುಗಳಲ್ಲಿ ಒಂದಾದರೂ ಮುರಿಯುತ್ತದೆ. ಅದನ್ನು ಖರ್ಚಿಗೆ ಬರೆದುಕೊಳ್ಳಿ.

ಚೇಂಜರ್ ಕನೆಕ್ಟರೂ ಇಲ್ಲವೆಂದು ತಿಳಿಯುವುದು ಸಾಮಾನ್ಯವಾಗಿ ಕ್ಲಿಪ್ ಮುರಿದ ಮೇಲೆಯೇ. ಬೆಸುಗೆ ಕಡ್ಡಿ ಹಿಡಿಯಬಲ್ಲವರು ಆಗ ಕೊನೆಯ ಉಪಾಯಕ್ಕೆ ಬರುತ್ತಾರೆ. ಸ್ಟೀರಿಯೋದೊಳಗೆ ಸಿಡಿ ಭಾಗದಿಂದ ಆಂಪ್ಲಿಫೈಯರ್ ಕಡೆಗೆ ಎಡ ಬಲ ಸಿಗ್ನಲ್ ಹೋಗುವ ದಾರಿ ಇರುತ್ತದಲ್ಲ, ಅದನ್ನು ಕತ್ತರಿಸಿ ನಡುವೆ ಸ್ವಿಚ್ ಇರುವ 3.5 ಮಿಲಿಮೀಟರ್ ಸಾಕೆಟ್ ಕೂರಿಸುವುದು. ಪಿನ್ ಚುಚ್ಚಿದರೆ ಸಿಡಿಯ ದಾರಿ ಕಡಿದು ಪ್ಲೇಯರಿನ ದಾರಿ ತೆರೆಯುತ್ತದೆ, ಕಿತ್ತರೆ ಮತ್ತೆ ಸಿಡಿ. ಒಳಗಿನ ಚಿಪ್ಪಿನ ಇನ್‌ಪುಟ್ ಮೇಲೆ ಕೆಲವು ವೋಲ್ಟ್ ಡಿಸಿ (ಒಂದೇ ದಿಕ್ಕಿನ ಕರೆಂಟು) ಕೂತಿರಬಹುದು, ಅದು ಪ್ಲೇಯರಿಗೆ ಹೊಗದಂತೆ ಪ್ರತಿ ಚಾನೆಲ್ಲಿಗೂ ಸುಮಾರು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದೊಂದು ಬೇಕು.

ಎಲ್ಲ ಮುಗಿಸಿ, ಮುಚ್ಚಿ, ಪಿನ್ ಚುಚ್ಚಿ, ಹಾಡು ಹಚ್ಚಿದರೆ ಸದ್ದಿಲ್ಲ. ಸ್ಟೀರಿಯೋ ಕೇಳುತ್ತದೆ: ಸಿಡಿ ಎಲ್ಲಿ?

ಸಿಡಿ ತಿರುಗುತ್ತಿದೆ ಎಂದು ಖಾತ್ರಿಯಾಗದೆ ಅದು ಆ ದಾರಿಗೆ ಬದಲಾಗುವುದೇ ಇಲ್ಲ. ಹಾಗಂತ ಹಾಡಿರುವ ಸಿಡಿ ಹಾಕಿ, ಕತ್ತರಿಸಿದ್ದು ಸರಿಯಾಗಿ ಕಡಿಯದಿದ್ದರೆ ಎರಡು ಹಾಡು ಒಟ್ಟಿಗೆ ಜಗಳಾಡುತ್ತವೆ. ಪರಿಹಾರ: ಮೌನವನ್ನು ರೆಕಾರ್ಡ್ ಮಾಡಿದ ಸಿಡಿ. ತಮಾಷೆಯಲ್ಲ, ಕೆಲಸವೇ ಹೀಗೆ ನಡೆಯುವುದು. ಕಂಪ್ಯೂಟರಿನಲ್ಲಿ ಸದ್ದೇ ಇಲ್ಲದ ಫೈಲ್ ಮಾಡಿ, ಅದನ್ನು ಡೇಟಾ ಸಿಡಿಯಾಗಿ ಅಲ್ಲ, ಆಡಿಯೋ ಸಿಡಿಯಾಗಿಯೇ ಸುಡಬೇಕು. ಸಾಮಾನ್ಯ ಸಿಡಿಯಲ್ಲಿ 80 ನಿಮಿಷದ ಮೌನ ಹಿಡಿಸುತ್ತದೆ. ಒಂದೇ ಟ್ರ್ಯಾಕ್ ಮಾಡಿ, ರಿಪೀಟ್ ಹಾಕಿ. ರಿಪೀಟ್ ಮರೆತರೆ 81ನೇ ನಿಮಿಷಕ್ಕೆ ಮೌನ ಮುಗಿದು ಹಾಡೂ ನಿಲ್ಲಬಹುದು. ಮೌನದ ಮೇಲೆ ಗೀರು ಬಿದ್ದರೆ, ರಸ್ತೆಗುಂಡಿಯಲ್ಲಿ ಲೇಸರ್ ಹಾರಿದರೆ, ಪರದೆಯ ಮೇಲೆ ‘ಡಿಸ್ಕ್ ಎರರ್’. ಅಂದರೆ ಮೌನ ಓದಲಾಗುತ್ತಿಲ್ಲ, ಆದ್ದರಿಂದ ಹಾಡೂ ಇಲ್ಲ. ಅದರ ಮೇಲೆ ಮಾರ್ಕರಿನಿಂದ ‘ಮೌನ’ ಎಂದು ಬರೆದಿಡುವುದು ಕ್ಷೇಮ. ಇಲ್ಲದಿದ್ದರೆ ಯಾರೋ ಒಬ್ಬರು ಅದನ್ನು ಮನೆಯ ಪ್ಲೇಯರಿಗೆ ಹಾಕಿ, ಏನೂ ಕೇಳದೆ, ಹಾಳಾಗಿದೆ ಎಂದು ಎಸೆಯುತ್ತಾರೆ. ಎಚ್ಚರದಿಂದ ಎರಡು ಪ್ರತಿ ಮಾಡಿಟ್ಟುಕೊಳ್ಳುವವರೂ ಇದ್ದಾರೆ, ಒಂದು ಮೌನ ಕೆಟ್ಟರೆ ಇನ್ನೊಂದು ಮೌನ ಇರಲಿ ಅಂತ.

ಇಷ್ಟೆಲ್ಲ ಹೆಣಗಿದ್ದು ಯಾರಿಗಾಗಿ ಎಂದು ನೋಡಿದರೆ ಸ್ವಲ್ಪ ಬೇಜಾರೇ ಆಗುತ್ತದೆ. ಆಪಲ್ ಕಂಪನಿಯ ಮ್ಯೂಸಿಕ್ ಪ್ಲೇಯರ್, ಮೊದಲ ಐಪಾಡ್, ಬಂದದ್ದು 2001ರಲ್ಲಿ. 2003ರಲ್ಲಿ ಅದಕ್ಕೆ ಅಗಲವಾದ 30 ಪಿನ್ನಿನ ಕನೆಕ್ಟರ್ ಬಂತು, ಕಾರು ಕಂಪನಿಗಳೂ ಅದಕ್ಕೆಂದೇ ಕೇಬಲ್ ಎಳೆದು ಕೊಟ್ಟವು. 2008ರ ಹೊತ್ತಿಗೆ ಹೊಸ ಮಾಡೆಲ್‌ಗಳು ಆ ಕನೆಕ್ಟರಿನ ಫೈರ್‌ವೈರ್ (ಯುಎಸ್‌ಬಿಯಂಥ ಇನ್ನೊಂದು ಸಂಪರ್ಕ) ಪಿನ್ನಿನಿಂದ ಬರುವ 12 ವೋಲ್ಟ್ ಒಲ್ಲೆವೆಂದವು. ಅದೇ ಕೇಬಲ್, ಅದೇ ಕಾರು, ಹಾಡು ಬರುತ್ತದೆ, ಚಾರ್ಜ್ ಆಗುವುದಿಲ್ಲ. 2012ರಲ್ಲಿ ಕನೆಕ್ಟರೇ ಬದಲಾಯಿತು, 2022ಕ್ಕೆ ಐಪಾಡೇ ಮುಗಿಯಿತು. ಕಾರು ಇನ್ನೂ ಓಡುತ್ತಿದೆ. ಗ್ಲೋವ್ ಬಾಕ್ಸಿನಲ್ಲಿ ಆ 30 ಪಿನ್ನಿನ ಬಾಲ ನೇತಾಡುತ್ತಿದೆ, ಸಿಕ್ಕಿಸಲು ಏನೂ ಇಲ್ಲ. ಇದ್ದ ಪ್ಲೇಯರ್ ಬ್ಯಾಟರಿ ಉಬ್ಬಿ ಡ್ರಾಯರಿನಲ್ಲಿದೆ. ಯಾವುದೋ ದೂರದ ಪ್ರಯಾಣಕ್ಕೆಂದು ಇಬ್ಬರು ಕೂತು ಜೋಡಿಸಿದ ಹಾಡುಗಳ ಪಟ್ಟಿಯೂ ಅದರೊಳಗೇ ಇದೆ. ಈಗ ಲಕ್ಷಾಂತರ ಹಾಡು ಫೋನಿನಲ್ಲಿ ಸಿಗುತ್ತವೆ, ಆ ಪಟ್ಟಿ ಸಿಗುವುದಿಲ್ಲ.

ಹೊಸ ಕಾರಿಗೆ ಯುಎಸ್‌ಬಿ, ಬ್ಲೂಟೂತ್ ಎರಡೂ ಇವೆ, ಇನ್ನೇನು ತೊಂದರೆ ಅನ್ನಬಹುದು. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಹಳೆಯ ಮಾದರಿಗೆ ಫಾರ್ಮ್ಯಾಟ್ ಮಾಡದಿದ್ದರೆ ಅನೇಕ ಸ್ಟೀರಿಯೋಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಪ್ಲೇಯರನ್ನೇ ಸಿಕ್ಕಿಸುವುದಾದರೆ ಅದರ ಯುಎಸ್‌ಬಿ ಸೆಟ್ಟಿಂಗ್ ಎಂಟಿಪಿ (ಫೈಲು ಸಾಗಿಸುವ ಇನ್ನೊಂದು ರೀತಿ) ಬಿಟ್ಟು, ಪೆನ್‌ಡ್ರೈವಿನಂತೆ ಕಾಣಿಸುವ ಮಾಸ್ ಸ್ಟೋರೇಜಿನಲ್ಲಿರಬೇಕು. ಮ್ಯಾಕ್‌ನಿಂದ ಹಾಡು ತುಂಬಿಸಿದರೆ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಕಳ್ಳ ಫೈಲುಗಳೂ ಜೊತೆಗೆ ಬಂದು, ಸ್ಟೀರಿಯೋ ಒಂದೊಂದರ ಮುಂದೂ ನಿಂತು ‘ಪ್ಲೇ ಮಾಡಲಾಗದು’ ಎನ್ನುತ್ತದೆ. ಅವನ್ನು ಬೇರೆ ಕಂಪ್ಯೂಟರಿನಲ್ಲಿ ಅಳಿಸಿ. ಕನ್ನಡದ ಹೆಸರುಗಳು ಪರದೆಯ ಮೇಲೆ ಸಾಲು ಸಾಲು ಚೌಕಗಳಾಗುತ್ತವೆ. ಎಷ್ಟನೇ ಚೌಕದ ಸಾಲು ಯಾವ ಹಾಡು ಎಂದು ಬಾಯಿಪಾಠ ಮಾಡಿಕೊಳ್ಳಬೇಕಷ್ಟೆ.

ಬ್ಲೂಟೂತಿನ ರೋಗ ಬೇರೆ. ಹಳೆಯ ಕೆಲವು ಸ್ಟೀರಿಯೋಗಳು ಬ್ಲೂಟೂತಿನಲ್ಲಿ ಕರೆ ಮಾತ್ರ ಕೇಳಿಸುತ್ತವೆ, ಹಾಡಲ್ಲ. ಬ್ಲೂಟೂತಿನಲ್ಲಿ ಹಾಡು ಕಳಿಸುವ ಪದ್ಧತಿಯಾದ ಎ2ಡಿಪಿ ಇದೆಯೋ ಇಲ್ಲವೋ ಕೈಪಿಡಿಯಲ್ಲಿ ನೋಡಿ, ಇಲ್ಲದಿದ್ದರೆ 0000 ಒತ್ತಿ ಎಷ್ಟು ಸಲ ಜೋಡಿಸಿದರೂ ಅಷ್ಟೆ. ಹೊಸವು ಅತಿ ಉತ್ಸಾಹಿ. ಕೀಲಿ ತಿರುಗಿಸಿದ ಕೂಡಲೇ ತಾವೇ ‘ಹಾಡು’ ಎಂದು ಫೋನಿಗೆ ಆಜ್ಞೆ ಕೊಡುತ್ತವೆ. ಫೋನು ಎಷ್ಟೋ ಸಲ ಅಕ್ಷರ ಕ್ರಮದಲ್ಲಿ ಮೊದಲಿರುವ ಹಾಡನ್ನೇ ಹಿಡಿಯುತ್ತದೆ. ‘ಅ’ದಿಂದ ಶುರುವಾಗುವ ಹಾಡು ಬೆಳಿಗ್ಗೆ, ಪೆಟ್ರೋಲ್ ಹಾಕಿಸಿ ಹೊರಟಾಗ, ಸಂಜೆ. ‘ಹ’ದ ಹಾಡಿಗೆ ಪಾಳಿ ಬರುವುದೇ ಇಲ್ಲ. ಇದಕ್ಕೂ ಮದ್ದಿದೆ. ಹತ್ತು ನಿಮಿಷದ ಎಂಪಿ3 ಒಂದನ್ನು ಮಾಡಿ, ಹೆಸರಿನ ಆರಂಭದಲ್ಲೂ ಟ್ಯಾಗಿನಲ್ಲೂ (ಫೈಲಿನೊಳಗೆ ಬರೆದಿರುವ ಹಾಡಿನ ಹೆಸರು) ‘00’ ಕೊಟ್ಟು ಫೋನಿಗೆ ಹಾಕಿ. ಅಂಕಿ ಅಕ್ಷರಕ್ಕಿಂತ ಮೊದಲು ಬರುವುದರಿಂದ ಕಾರು ಹೊರಟಾಗ ಅದೇ ಮೊದಲು ಓಡುತ್ತದೆ. ಫೈಲಿನೊಳಗೆ ಏನಿರಬೇಕು ಅಂತೀರಾ? ಮೌನ.