ಕೀಂಯ್ ಅಂದವರು ಯಾರು?

ಡಾಕ್ಟರು ವಾಕಿಂಗ್ ಮಾಡಿ ಅಂದಿದ್ದರು. ನಡೆಯೋಕೆ ಬೇಜಾರು. ಅದಕ್ಕೇ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಸೈಕಲ್ ಹೊರಗೆ ತೆಗೆದೆ. ಹತ್ತಿ ಕೂತು ತುಳಿದರೆ ಕೀಂಯ್, ಕೀಂಯ್. ಕುಕ್ಕರಹಳ್ಳಿ ಕೆರೆ ಕಡೆ ಹೊರಟರೆ ಬೀದಿನಾಯಿಗಳೆಲ್ಲ ಎದ್ದು ಕಿವಿ ನಿಮಿರಿಸುತ್ತಿದ್ದವು.

ಬಗ್ಗಿ ನೋಡಿದೆ. ಚೈನ್ ತುಕ್ಕು ಹಿಡಿದು ಕೆಂಪಗಾಗಿತ್ತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ.

ಮನೆಯಲ್ಲಿದ್ದದ್ದು ಕೊಬ್ಬರಿ ಎಣ್ಣೆ. ದೀಪಾವಳಿ ಅಭ್ಯಂಜನದ ಹಾಗೆ ಧಾರಾಳವಾಗಿ ಹಚ್ಚಿದೆ. ಅದು ಡಿಸೆಂಬರ್. ಮೈಸೂರಿನ ಚಳಿಗೆ ಬಾಟಲಿಯ ಎಣ್ಣೆಯೇ ಗಟ್ಟಿಯಾಗುತ್ತೆ, ಚೈನಿನದು ಬಿಡುತ್ತಾ? ಬೆಳಗ್ಗೆ ನೋಡಿದರೆ ಬೆಳ್ಳಗೆ ಹೆಪ್ಪುಗಟ್ಟಿದೆ. ಜೊತೆಗೆ ಇರುವೆಗಳ ಮೆರವಣಿಗೆ.

ಪಕ್ಕದ ಮನೆಯವರು ಗ್ರೀಸ್ ಹಾಕಿ ಅಂದರು. ಅವರದು ಸ್ಕೂಟರ್, ತಿಳಿದವರು ಅಂತ ನಂಬಿದೆ. ರಸ್ತೆಯ ಧೂಳೆಲ್ಲ ಅಂಟಿ ಮೂರೇ ದಿನಕ್ಕೆ ಚೈನ್ ಎಳ್ಳುಂಡೆ ಪೋಣಿಸಿದ ಸರದಂತಾಯಿತು. ಬಲಗಾಲಿನ ಪ್ಯಾಂಟಿನ ಮೇಲೆ ಹಲ್ಲುಚಕ್ರದ ಅಚ್ಚು. "ರೀ, ಇದನ್ನ ನೀವೇ ಒಗ್ಕೊಳ್ಳಿ" ಅಂದಳು ಹೆಂಡತಿ.

ಆಮೇಲೆ ಎಂಜಿನ್ ಆಯಿಲ್ ಸುರಿದೆ. ಹಿಂದಿನ ರಿಮ್ಮಿಗೂ ಚಿಮ್ಮಿತು. ಬ್ರೇಕ್ ರಬ್ಬರ್ ಹಿಡಿಯೋದು ಆ ರಿಮ್ಮನ್ನೇ ಅನ್ನೋದು ಇಳಿಜಾರಿನಲ್ಲಿ ನೆನಪಾಯಿತು. ಕೊನೆಗೆ ನಿಲ್ಲಿಸಿದ್ದು ಒಂದು ಎಳನೀರು ಗಾಡಿ. ಬೇಕಂತಲೇ ಬಂದವನ ಹಾಗೆ ಎರಡು ಎಳನೀರು ಕುಡಿದು, ದುಡ್ಡು ಕೊಟ್ಟೆ.

ಇನ್ನು ಸಾಕು ಅಂತ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಅಜ್ಜ ಚೈನ್ ಮುಟ್ಟಿ, ಬೆರಳು ಮೂಸಿ, ನನ್ನ ಮುಖ ನೋಡಿದರು. "ಅನ್ನ ಬಾಯಿಗೆ ಹಾಕ್ಬೇಕು ಸಾರ್, ನೀವು ಕೆನ್ನೆಗೆ ಮೆತ್ತಿದೀರ!" ಚೈನಿನ ಒಂದೊಂದು ಕೊಂಡಿಯಲ್ಲೂ ಪುಟ್ಟ ರೋಲರ್ ಇರುತ್ತೆ, ಅದರೊಳಗೆ ಪಿನ್. ಉಜ್ಜಾಟ ನಡೆಯೋದೆಲ್ಲ ಅಲ್ಲಿ. ಎಣ್ಣೆ ಹೋಗಬೇಕಾದ್ದೂ ಅಲ್ಲಿಗೇ. ಹೊರಗೆ ಉಳಿದದ್ದು ಧೂಳಿಗೆ ಆಹ್ವಾನ, ಅಷ್ಟೇ.

ಹಳೇ ಟೂತ್‌ಬ್ರಷ್ಷಿಗೆ ಡೀಸೆಲ್ ಅದ್ದಿ ತಿಕ್ಕಿಸಿದರು, ನನ್ನ ಕೈಯಲ್ಲೇ. ಒರೆಸಿ ಒಣಗಿಸಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರು. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು. ಹಾಗಾಗಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. 1/16 ಇಂಚು ಜಾಸ್ತಿ ಬಂದರೆ ಚೈನ್ ಸವೆದಿದೆ, ಬದಲಾಯಿಸಬೇಕು. ನನ್ನದು ಪಾಸಾಯಿತು. ಆಮೇಲೆ ಹೊಲಿಗೆ ಮಿಷಿನ್ ಎಣ್ಣೆ. ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒಂದು ರೋಲರಿಗೆ ಒಂದೇ ತೊಟ್ಟು. ಒಟ್ಟು ನೂರರ ಮೇಲಿದ್ದವು, ಎಣಿಸಿ ಎಣಿಸಿ ಕುತ್ತಿಗೆ ಹಿಡಿದುಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು, ಹೊರಗಿನ ಎಣ್ಣೆಯನ್ನೆಲ್ಲ ಬಟ್ಟೆಯಲ್ಲಿ ಒರೆಸಿಸಿದರು. ಕಷ್ಟಪಟ್ಟು ಹಾಕಿದ್ದನ್ನ ಒರೆಸೋಕೆ ಕರುಳು ಚುರ್ರ್ ಅಂತು. ಇದು ತೆಳು ಎಣ್ಣೆ, ಮಳೆಯಲ್ಲಿ ನೆಂದರೆ ಮತ್ತೆ ಹಾಕಿ ಅಂದರು.

ಚೈನ್ ಮಿರಮಿರ ಮಿಂಚಿತು. ಹತ್ತಿ ಕೂತೆ. ತುಳಿದೆ.

ಕೀಂಯ್.

ಅಜ್ಜ ಬೀಡಿ ಕೆಳಗಿಟ್ಟು, "ಎದ್ದು ನಿಂತು ತುಳೀರಿ" ಅಂದರು. ನಿಂತು ತುಳಿದೆ. ಸದ್ದಿಲ್ಲ. ಕೂತೆ. ಕೀಂಯ್.

ಅಜ್ಜ ಸೀಟಿನ ಕೆಳಗೆ ಕೈ ಹಾಕಿ ಸ್ಪ್ರಿಂಗಿಗೆ ಎರಡು ತೊಟ್ಟು ಬಿಟ್ಟರು. ಆಮೇಲೆ ನನ್ನ ಹೊಟ್ಟೆ ಕಡೆ ಒಮ್ಮೆ ನೋಡಿದರು.

"ಪಾಪ, ಸ್ಪ್ರಿಂಗಿಗೆ ಭಾರ ಜಾಸ್ತಿ ಆಗಿದೆ. ಸ್ವಲ್ಪ ವಾಕಿಂಗ್ ಮಾಡಿ ಸಾರ್."