ಮಳೆಗೆ ಮೊದಲೋ, ಮಳೆ ಹಿಡಿದ ಮೇಲೋ

ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯ ಮೇಲೆ ಹಿಮವೋ ಮಂಜುಗಡ್ಡೆಯೋ ಇದ್ದರೆ ಕಾರಿಗೆ ಚಳಿಗಾಲದ ಟೈರು ಇರಲೇಬೇಕೆಂದು ಕಾನೂನಿದೆ. ಜರ್ಮನಿಯ ಕಾನೂನು ತಾರೀಖನ್ನು ಹೇಳುವುದಿಲ್ಲ. ರಸ್ತೆ ಹಿಮಗಟ್ಟಿದ್ದಾಗ ತಕ್ಕ ಟೈರಿಲ್ಲದೆ ವಾಹನ ಓಡಿಸಬಾರದು ಎಂದಷ್ಟೇ ಹೇಳಿ ಉಳಿದ ಚಿಂತೆಯನ್ನು ಮಾಲೀಕನ ತಲೆಗೆ ಕಟ್ಟುತ್ತದೆ. ಆ ದೇಶದ ರೈನ್ ನದಿಯ ಬಯಲಿನಲ್ಲಿ, ಅಂದರೆ ಚಳಿ ಅಷ್ಟೇನೂ ಕಾಡದ ಸೀಮೆಯಲ್ಲಿ, ನೆಲೆಸಿರುವ ನನ್ನ ಅಣ್ಣನ ಮಗ ಅಕ್ಟೋಬರ್ ಬಂತೆಂದರೆ ಫೋನಿನಲ್ಲಿ ಗೊಣಗಲು ತೊಡಗುತ್ತಾನೆ. “ಚಿಕ್ಕಪ್ಪ, ಇಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಈಗಲೇ ಹಾಕಿಸಿದರೆ ಟೈರು ಸುಮ್ಮನೆ ಸವೆಯುತ್ತದೆ, ಹಾಕಿಸದಿದ್ದರೆ ಒಂದು ಬೆಳಿಗ್ಗೆ ಸಿಕ್ಕಿಬೀಳುತ್ತೇನೆ” ಎನ್ನುವುದು ಅವನ ಅಳಲು. ಅವನ ಮಾತಿನಲ್ಲಿ ಹುರುಳಿದೆ. ಬೇಸಿಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ ರಸ್ತೆಯ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಆದರೆ ಅದನ್ನೇ ಬಿಸಿಲಲ್ಲಿ ಓಡಿಸಿದರೆ ಬೇಗ ಸವೆಯುವುದಲ್ಲದೆ ಬ್ರೇಕ್ ಹಾಕಿದಾಗ ಗಾಡಿ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಥರ್ಮಾಮೀಟರು ಏಳರ ಆಚೀಚೆ ತೂಗಾಡುವ ಊರಿನಲ್ಲಿ ಇರುವವನ ಪಾಡು ಕಷ್ಟವೇ.

ನಮ್ಮ ಕೊಡಗಿನಲ್ಲಿ ಆ ಏಳರ ಗೊಡವೆಯಿಲ್ಲ. ಮಡಿಕೇರಿಯಲ್ಲಿ ಜನವರಿಯ ಮುಂಜಾನೆ ಎಷ್ಟೇ ಕೊರೆದರೂ ಮಧ್ಯಾಹ್ನದ ಹೊತ್ತಿಗೆ ಸ್ವೆಟರ್ ಬಿಚ್ಚುವಷ್ಟು ಬಿಸಿಲು ಬಂದಿರುತ್ತದೆ. ಆದರೆ ಟೈರು ಬದಲಾಯಿಸುವುದು ಯಾವಾಗ ಎಂಬ ಪ್ರಶ್ನೆ ನಮ್ಮನ್ನೂ ಬಿಟ್ಟಿಲ್ಲ, ಏಕೆಂದರೆ ನಮಗೆ ಹಿಮದ ಬದಲು ಮಳೆಯಿದೆ. ನಮ್ಮಲ್ಲಿ ಮಳೆಗಾಲಕ್ಕೊಂದು, ಬೇಸಿಗೆಗೊಂದು ಎಂದು ಎರಡು ಜೊತೆ ಇಟ್ಟುಕೊಳ್ಳುವವರಿಲ್ಲ. ಇರುವ ಟೈರು ಇನ್ನೊಂದು ಮಳೆಗಾಲ ತಾಳುತ್ತದೆಯೇ ಎಂಬುದೇ ಇಲ್ಲಿನ ಜಿಜ್ಞಾಸೆ. ಕಾನೂನು ಇಲ್ಲಿಯೂ ತಾರೀಖು ಹೇಳುವುದಿಲ್ಲ. ಕಾರಿನ ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ, ಅಷ್ಟೇ.

ಈ 1.6 ಎಂಬುದು ಕಣ್ಣಿಗೆ ಕಾಣುವ ವಸ್ತು. ಟೈರಿನ ಉದ್ದಗೆರೆಯಲ್ಲಿ ಸಿಕ್ಕಿಕೊಂಡಿರುವ ಸಣ್ಣ ಜಲ್ಲಿಕಲ್ಲನ್ನೂ ಒಣಗಿದ ಕೆಂಪು ಮಣ್ಣನ್ನೂ ಕೀಲಿಕೈಯಿಂದ ಕೆದಕಿ ತೆಗೆದರೆ, ಗೆರೆಯ ತಳದಲ್ಲಿ ಅಡ್ಡಲಾಗಿ ಒಂದು ಪುಟ್ಟ ರಬ್ಬರಿನ ದಿಣ್ಣೆ ಕಾಣಿಸುತ್ತದೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಅದರ ಆಯಸ್ಸು ಮುಗಿಯಿತು. ಆದರೆ ಆ ಮಟ್ಟದವರೆಗೆ ಕಾಯುವುದು ಮೈಸೂರಿನ ಒಣ ರಸ್ತೆಗೆ ಆದೀತು, ಸಂಪಾಜೆ ಘಾಟಿಗೆ ಆಗದು ಎಂಬುದು ನನ್ನ ಅಭಿಪ್ರಾಯ. ಹೊಸ ಕಾರು ಟೈರಿನ ಗೆರೆ ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ಚಕ್ರದಡಿಯ ನೀರು ಹರಿದು ಹೋಗುವುದು ಆ ಗೆರೆಗಳ ಮೂಲಕ. ಗೆರೆ ಆಳ ಕಳೆದುಕೊಂಡಷ್ಟೂ ನೀರಿಗೆ ದಾರಿ ಕಡಿಮೆಯಾಗಿ, ವೇಗ ಹೆಚ್ಚಿದಾಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಒಮ್ಮೆಲೇ ಹಗುರಾಗುತ್ತದೆ. ಆದ್ದರಿಂದ 3 ಮಿಲಿಮೀಟರಿಗೆ ಇಳಿದಾಗಲೇ ನಮ್ಮ ಕಡೆಯವರು ಅಂಗಡಿಯ ದಾರಿ ಹಿಡಿಯುವುದು ಲೇಸು. ಆಸ್ಟ್ರಿಯಾದವರು ಇನ್ನೂ ಬಿಗಿ: ಅಲ್ಲಿ ಚಳಿಗಾಲದ ಟೈರು 4 ಮಿಲಿಮೀಟರಿಗಿಂತ ಸವೆದರೆ ಅದನ್ನು ಚಳಿಗಾಲದ ಟೈರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೀಗೆ ತಿಳಿದವರೂ ಮುಂದೂಡುವುದಕ್ಕೆ ಕಾರಣ ಸೋಮಾರಿತನವೊಂದೇ ಅಲ್ಲ. ಕಾಫಿಯ ದುಡ್ಡು ಕೈಸೇರುವುದು ಕೊಯ್ಲು ಮುಗಿದ ಮೇಲೆ, ಆದರೆ ಅದು ಬಂದ ಕೂಡಲೇ ಹೂ ಅರಳಿಸಲು ಸ್ಪ್ರಿಂಕ್ಲರಿನ ಡೀಸೆಲ್‌ಗೆ ಒಂದಿಷ್ಟು ಹೋಗುತ್ತದೆ. ಮೇ ತಿಂಗಳಲ್ಲಿ ಮರಕಪಾತು (ನೆರಳಿನ ಮರಗಳ ಕೊಂಬೆ ಸವರುವುದು), ಗೊಬ್ಬರ, ಕರಿಮೆಣಸಿನ ಬಳ್ಳಿಗೆ ಮೈಲುತುತ್ತ-ಸುಣ್ಣದ ಸಿಂಪಡಣೆ, ಇವುಗಳ ಬೆನ್ನಿಗೆ ಮಕ್ಕಳ ಶಾಲೆಯ ಫೀಸು. ಇವೆಲ್ಲ ಮಳೆಗೆ ಮೊದಲೇ ಆಗಬೇಕಾದ ಖರ್ಚುಗಳು, ಇವುಗಳಿಗೆ ಯಾರೂ ನಾಳೆ ಎನ್ನುವುದಿಲ್ಲ. ಸಂಪಾಜೆಯ ಕಡೆ ರಬ್ಬರ್ ಬೆಳೆಯುವವರನ್ನು ನೋಡಬೇಕು: ಹಾಲು ತೆಗೆಯುವ ಪಟ್ಟೆಗೆ ಮಳೆನೀರು ಇಳಿಯದಂತೆ ಮರಮರಕ್ಕೂ ಪ್ಲಾಸ್ಟಿಕ್ಕಿನ ರೈನ್‌ಗಾರ್ಡ್ ಅಂಟಿಸುತ್ತಾರೆ, ತೊಗಟೆ ಒದ್ದೆಯಾದರೆ ಅಂಟು ಹಿಡಿಯದು ಎಂದು ಆ ಕೆಲಸವನ್ನು ಬಿಸಿಲಿರುವಾಗಲೇ ಮುಗಿಸುತ್ತಾರೆ. ಮರದ ರಬ್ಬರಿಗೆ ಅಷ್ಟು ಮುಂದಾಲೋಚನೆ ಮಾಡುವ ಮನುಷ್ಯ ತನ್ನ ಜೀಪಿನ ರಬ್ಬರಿನ ವಿಷಯ ಬಂದಾಗ “ಆರಿದ್ರಾ ಹಿಡಿಯಲಿ, ನೋಡೋಣ” ಎಂದುಬಿಡುತ್ತಾನೆ.

ಆರಿದ್ರಾ ಹಿಡಿಯುವವರೆಗೆ, ಅಂದರೆ ಜೂನ್ 22ರ ಸುಮಾರಿನವರೆಗೆ, ಕಾಯುವುದು ತಡವೆಂದು ನನಗನ್ನಿಸುವುದಕ್ಕೆ ಎರಡು ಕಾರಣಗಳಿವೆ. ಬೇಸಿಗೆಯುದ್ದಕ್ಕೂ ರಸ್ತೆಯ ಮೇಲೆ ಕುಳಿತ ಧೂಳು, ಎಣ್ಣೆಯ ಜಿಡ್ಡು, ಟೈರಿನದೇ ಸವೆದ ಪುಡಿ ಎಲ್ಲವೂ ಮೊದಲ ಮಳೆಗಳಲ್ಲಿ ನೀರಿನೊಡನೆ ಕಲೆತು ಲೋಳೆಯಾಗುತ್ತವೆ. ಜುಲೈಯ ಧಾರಾಕಾರ ಮಳೆ ತೊಳೆದ ರಸ್ತೆಗಿಂತ ಮೇ ತಿಂಗಳ ಅರ್ಧ ಗಂಟೆಯ ಮಳೆ ಬಿದ್ದ ತಿರುವು ಕೆಲವು ಸಲ ಹೆಚ್ಚು ಜಾರುತ್ತದೆ. ಎರಡನೆಯದಾಗಿ, ಹೊಸ ಟೈರು ಹಾಕಿಸಿದ ದಿನವೇ ಪೂರ್ತಿ ಹಿಡಿತ ಕೊಡುವುದಿಲ್ಲ. ಅಚ್ಚಿನಿಂದ ಬಿಡಿಸಿ ತೆಗೆಯಲೆಂದು ಬಳಸಿದ ಪದಾರ್ಥದ ನುಣುಪು ಮೇಲ್ಮೈಯಲ್ಲಿ ಉಳಿದಿರುತ್ತದೆ, ಅದು ಹೋಗಲು ಒಂದಷ್ಟು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು, ಆ ಓಟ ಒಣ ರಸ್ತೆಯಲ್ಲಾದರೆ ಒಳ್ಳೆಯದು. ಹಾಗಾಗಿ ಕಾಫಿಯ ಹೂ ಅರಳಿಸುವ ಹೂಮಳೆ ಮುಗಿದು ಮೃಗಶಿರ ಇನ್ನೂ ಹುಟ್ಟದ ಮೇ ತಿಂಗಳ ನಡುಭಾಗವೇ ನಮ್ಮ ಅಕ್ಟೋಬರ್.

ಆದರೆ ಈ ನಮ್ಮ ಎಂಬ ಮಾತನ್ನು ಜಿಲ್ಲೆಗೆಲ್ಲ ಹೊದಿಸುವಂತಿಲ್ಲ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಭಾಗಮಂಡಲಕ್ಕೆ ಅದಕ್ಕಿಂತಲೂ ಹೆಚ್ಚು. ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕಿರುವ ಕುಶಾಲನಗರದಲ್ಲಿ ಅದರ ಒಂದು ಪಾಲಷ್ಟೇ. ಕುಶಾಲನಗರದಿಂದಾಚೆ ಮೈಸೂರಿನ ಕಡೆಗೇ ಓಡಾಡುವ ನನ್ನ ಸ್ನೇಹಿತರೊಬ್ಬರು ಅರೆಸವೆದ ಟೈರಿನಲ್ಲಿ ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬವಾದ ಕೈಲ್‌ಪೊಳ್ದಿನವರೆಗೆ ನೆಮ್ಮದಿಯಾಗಿರುತ್ತಾರೆ, ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಅದೇ ಟೈರಿನಲ್ಲಿ ಅವರು ಜುಲೈಯಲ್ಲಿ ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರಿಗೆ ಮದುವೆಗೆ ಹೊರಟರೆ ಮಾತ್ರ ನಾನು ಅವರ ಕಾರಿಗೆ ಹತ್ತುವವನಲ್ಲ.

ದುಡ್ಡಿನ ಅಡಚಣೆಯಿಂದ ಎರಡೇ ಟೈರು ಕೊಳ್ಳುವವರು ಅವನ್ನು ಮುಂದಕ್ಕೆ ಹಾಕಿಸಲು ಹಟ ಹಿಡಿಯುತ್ತಾರೆ, ಎಳೆಯುವ ಚಕ್ರಗಳು ಮುಂದಿನವೇ ಅಲ್ಲವೇ ಎಂದು. ಟೈರು ತಯಾರಿಸುವವರು ಹೇಳುವುದು ಹಿಂದಕ್ಕೆ ಹಾಕಿಸಿ ಎಂದು: ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸುಧಾರಿಸಿಕೊಳ್ಳಬಹುದು, ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಬೇಕು, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೇ ತಿಂಗಳಲ್ಲಿ ಹೋದವನಿಗೆ ಹಳೆಯ ಸರಕು ಬೇಡ, ಬೇರೆ ತರಿಸಿಕೊಡಿ ಎಂದು ಹೇಳಿ ಒಂದು ವಾರ ಕಾಯುವ ವ್ಯವಧಾನವಿರುತ್ತದೆ. ಜುಲೈಯಲ್ಲಿ ಕೊಡೆ ಮಡಿಸುತ್ತಾ ಅಂಗಡಿಗೆ ನುಗ್ಗಿದವನು ಇದ್ದುದನ್ನು ಹಾಕಿಸಿಕೊಂಡು ಹೋಗುತ್ತಾನೆ.