ಆ ಪುಡಿಯ ಹೆಸರು ಕೇಳಿ

ಮೊನ್ನೆ ಬೈಲಹೊಂಗಲದ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಏಳು ತಿಂಗಳಿಗೇ ಹೆರಿಗೆಯಾಗಿದೆ. ಕೂಸು ಬೆಳಗಾವಿಯಲ್ಲಿ ಗ್ಲಾಸಿನ ಪೆಟ್ಟಿಗೆಯಲ್ಲಿದೆ, ತೂಕ 1,200 ಗ್ರಾಂ. "ಅಕ್ಕಾ, ಹಾಲಿನಾಗ ಏನೋ ಪುಡಿ ಕಲಸಿ ಹಾಕಾಕತ್ತಾರ. ಪ್ರೋಬಯಾಟಿಕ್ ಅಂತ. ಬ್ಯಾಕ್ಟೀರಿಯಾ ಅಂದ್ರ ರೋಗ ಅಲ್ಲೇನು?" ಅಂದಳು.

ಆರು ವರ್ಷದ ಹಿಂದೆ ನಾನೂ ಇದೇ ಹೆದರಿಕೆಯಲ್ಲಿ ಕೂತಿದ್ದೆ. ಮಗನ ಬಾಯಿಗೆ ನೂಲಿನಷ್ಟು ಸಣ್ಣ ನಳಿಕೆ. ಒಂದು ಹೊತ್ತಿಗೆ 2 ಮಿಲಿ ಹಾಲು. ಸಿಸ್ಟರ್ ಟೇಪು ಹಿಡಿದು ಅವನ ಹೊಟ್ಟೆ ಅಳೆಯುವಾಗ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಹೊಟ್ಟೆ ಉಬ್ಬಿದರೆ ಹಾಲು ಬಂದ್. ಎಲ್ಲರೂ ಹೆದರುತ್ತಿದ್ದದ್ದು ಎನ್‌ಇಸಿ ಎಂಬ ರೋಗಕ್ಕೆ. ದಿನ ತುಂಬದ ಮಕ್ಕಳ ಕರುಳಿಗೆ ಬಾವು ಬಂದು, ಕೆಲವೊಮ್ಮೆ ಕರುಳೇ ಕೊಳೆತು ತೂತಾಗುತ್ತದೆ. ಅದನ್ನು ತಡೆಯಲು ಅವನ ಹಾಲಿಗೂ ಕಲಸುತ್ತಿದ್ದ ಪುಡಿ ಏನು ಎಂದು ಕೇಳಿದ್ದಕ್ಕೆ "ವಿಟಮಿನ್ ಇದ್ದಂಗ" ಅಂದಿದ್ದರು. ಅದು ವಿಟಮಿನ್ ಅಲ್ಲ, ಜೀವ ಇರುವ ಬ್ಯಾಕ್ಟೀರಿಯಾ. ಆ ಸಿಟ್ಟು ನನಗೆ ಇನ್ನೂ ಇದೆ.

ಆಮೇಲೆ ಓದಿ ತಿಳಿದುಕೊಂಡೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆಯ 2020ರ ವರದಿ 56 ಪ್ರಯೋಗಗಳನ್ನು, ಹತ್ತು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಒಟ್ಟಿಗೆ ನೋಡಿತು. ಪ್ರೋಬಯಾಟಿಕ್ ಕೊಟ್ಟ ಮಕ್ಕಳಲ್ಲಿ ಎನ್‌ಇಸಿ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಸಣ್ಣ ಮಾತಲ್ಲ ಅದು. ಆದರೆ ಅದರಲ್ಲಿ ಎಷ್ಟೋ ಪ್ರಯೋಗಗಳು ಚಿಕ್ಕವು, ಕೆಲವು ಅಷ್ಟು ಗಟ್ಟಿಯಲ್ಲ ಎಂದೂ ಅವರೇ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ 1,300ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಬ್ಯಾಕ್ಟೀರಿಯಾದ ಒಂದೇ ತಳಿ ಕೊಟ್ಟರು, ಏನೂ ಲಾಭ ಕಾಣಲಿಲ್ಲ. ಅಂದರೆ ಎಲ್ಲ ಪುಡಿಯೂ ಒಂದೇ ಅಲ್ಲ. ಯಾವ ತಳಿ ಅನ್ನೋದೇ ಇಲ್ಲಿ ಮುಖ್ಯ.

ನಮ್ಮತ್ತೆ ಆಗ "ಮೊಸರಿನ ತಿಳಿ ಹಾಕಿದ್ರ ಆತಲ್ಲ" ಅಂದಿದ್ದರು. ಪ್ರೀತಿಯಿಂದಲೇ ಅಂದದ್ದು. ದಯವಿಟ್ಟು ಹಾಗೆ ಮಾಡಬೇಡಿ. ಅಂಗಡಿಯಿಂದ ಪುಡಿ ತಂದು ಕೊಡುವುದೂ ಬೇಡ. ಈ ಮಕ್ಕಳ ಕರುಳು ಹಸಿಯಾಗಿರುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಇಳಿಯಬಹುದು. 2023ರಲ್ಲಿ ಅಮೆರಿಕದಲ್ಲಿ ಹಾಗೇ ಒಂದು ಕೂಸು ತೀರಿಕೊಂಡಿತು. ಔಷಧಿ, ಆಹಾರದ ಮೇಲೆ ಕಣ್ಣಿಡುವ ಅಲ್ಲಿಯ ಸರ್ಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. 1,000 ಗ್ರಾಂಗಿಂತ ಕಡಿಮೆ ಇರುವ ಮಕ್ಕಳಲ್ಲಿ ಸಾಕ್ಷ್ಯವೂ ಕಡಿಮೆ.

ಹಾಗಂತ ಪೂರ್ತಿ ಬಿಡಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 32 ವಾರಕ್ಕೆ ಮೊದಲು ಹುಟ್ಟಿ ತಾಯಿಹಾಲು ಕುಡಿಯುವ ಮಕ್ಕಳಿಗೆ ಕೊಡುವ ಬಗ್ಗೆ ಯೋಚಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿದೆ. ತಾಯಿಹಾಲು ಅನ್ನುವ ಮಾತು ಗಮನಿಸಿ. ಎನ್‌ಇಸಿ ತಡೆಯಲು ಅದೇ ಮೊದಲನೆಯದು, ಪುಡಿ ಆಮೇಲೆ.

ತಂಗಿಗೆ ಇಷ್ಟೇ ಹೇಳಿದೆ: ಹೆದರಬೇಡ, ಸುಮ್ನೆ ಕೂರಲೂಬೇಡ. ತಳಿ ಯಾವುದು, ಯಾರು ತಯಾರಿಸಿದ್ದು, ನಮ್ಮ ಕೂಸಿನ ತೂಕಕ್ಕೆ ಸರಿಯಾ ಅಂತ ಡಾಕ್ಟರಿಗೆ ಕೇಳು.

ನಿನ್ನೆ ರಾತ್ರಿ ಪಾಕೀಟಿನ ಫೋಟೋ ಕಳಿಸಿದ್ದಾಳೆ. ಡಾಕ್ಟರು ಹತ್ತು ನಿಮಿಷ ನಿಂತು ಎಲ್ಲ ಬಿಡಿಸಿ ಹೇಳಿದರಂತೆ. ಕೆಳಗೆ ಇನ್ನೊಂದು ಫೋಟೋ: ಉಕ್ಕಿನ ಬಟ್ಟಲಲ್ಲಿ ಅವಳೇ ಹಿಂಡಿದ ಹಾಲು, ತಳ ಮುಚ್ಚುವಷ್ಟು.